ಮೀನಿನ ಮೂತ್ರಪಿಂಡದಿಂದ ಮನುಷ್ಯನ ಮೂತ್ರಪಿಂಡದವರೆಗೆ: ಹೋಮರ್ ಸ್ಮಿತ್ ಅವರ 'ಫ್ರಂ ಫಿಶ್ ಟು ಫಿಲಾಸಫರ್' ಓದಿದ ಮೇಲೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಎಂಜಿನಿಯರಿಂಗ್ ಗೈಡುಗಳ ಕಟ್ಟಿನ ಅಡಿಯಿಂದ ಈ ಪುಸ್ತಕ ನನ್ನ ಕೈಸೇರಿತು. ಬೆನ್ನಿನ ಅಂಟು ಒಣಗಿ ಬಿರುಕು ಬಿಟ್ಟಿತ್ತು, ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು, ಮೊದಲು ಓದಿದವರು ಯಾರೋ ಅಲ್ಲಲ್ಲಿ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದಿದ್ದರು. ಹೊದಿಕೆಯ ಮೇಲೆ ಹೋಮರ್ ವಿಲಿಯಂ ಸ್ಮಿತ್ ಎಂಬ ಹೆಸರು ಕಂಡೊಡನೆ ಚೌಕಾಸಿ ಮಾಡದೆ ಕೊಂಡುಬಿಟ್ಟೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದ ನನಗೆ ಆ ಹೆಸರು ಹೊಸದಾಗಿರಲಿಲ್ಲ. ಆದರೆ ನಾನು ಅವರನ್ನು ಬಲ್ಲದ್ದು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಬಂದು ಹೋಗುವ ಹೆಸರಾಗಿ ಮಾತ್ರ. 1953ರಲ್ಲಿ ಮೊದಲು ಪ್ರಕಟವಾದ ಈ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ ಮೇಲೆ, ಇಷ್ಟು ವರ್ಷ ನಾನು ಪಾಠ ಮಾಡುತ್ತಿದ್ದ ವಿಷಯದ ಹಿಂದೆ ಇಂಥ ಬಾಳೊಂದು ಇತ್ತು ಎಂಬುದನ್ನು ತಿಳಿಯದೆಯೇ ಪಾಠ ಮಾಡಿಬಿಟ್ಟೆನಲ್ಲ ಎಂಬ ವ್ಯಥೆ ನನ್ನನ್ನು ನಿಜವಾಗಿಯೂ ಕಾಡಿತು. ಈ ವಿಮರ್ಶೆಯನ್ನು ಬರೆಯಲು ಅದೇ ಕಾರಣ.

ಪುಸ್ತಕದ ವಾದವನ್ನು ಮೊದಲು ಹೇಳುತ್ತೇನೆ. ಮೂತ್ರಪಿಂಡವೆಂದರೆ ದೇಹದ ಕೊಳೆಯನ್ನು ಹೊರಹಾಕುವ ಚರಂಡಿ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ವೈದ್ಯರೂ ರೋಗಿಗೆ ವಿವರಿಸುವಾಗ ಸುಲಭವಾಗಲೆಂದು ಹಾಗೆಯೇ ಹೇಳುತ್ತಾರೆ. ಸ್ಮಿತ್ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡುತ್ತಾರೆ. ಅವರ ಪ್ರಕಾರ ನಮ್ಮ ರಕ್ತದಲ್ಲಿ ಎಷ್ಟು ಉಪ್ಪು, ಎಷ್ಟು ನೀರು, ಎಷ್ಟು ಆಮ್ಲ ಇರಬೇಕೆಂಬುದನ್ನು ತೀರ್ಮಾನಿಸುವುದು ನಾವು ಬಾಯಿಯಿಂದ ಒಳಗೆ ಕಳಿಸಿದ ಆಹಾರವಲ್ಲ, ಮೂತ್ರಪಿಂಡಗಳು ಬಿಟ್ಟುಕೊಡದೆ ಉಳಿಸಿಕೊಂಡ ಪದಾರ್ಥಗಳು. ಸಮುದ್ರದ ಹೊರಗೆ, ಬಿಸಿಲಿನಲ್ಲಿ, ಮರಳುಗಾಡಿನಲ್ಲಿ, ಉಪವಾಸದಲ್ಲಿ, ಹಬ್ಬದೂಟದ ಮರುದಿನ ಕೂಡ ನಮ್ಮ ರಕ್ತ ಹೆಚ್ಚುಕಡಿಮೆ ಒಂದೇ ಹದದಲ್ಲಿ ಇರುವುದರಿಂದಲೇ ಮಿದುಳು ತನ್ನ ಕೆಲಸ ಮಾಡಲು ಸಾಧ್ಯವಾಗಿದೆ, ಮೀನು ತತ್ತ್ವಜ್ಞಾನಿಯಾದ ಕಥೆಯಲ್ಲಿ ಮೂತ್ರಪಿಂಡಕ್ಕೆ ಇಷ್ಟು ದೊಡ್ಡ ಪಾತ್ರ ದೊರೆತಿರುವುದೂ ಅದರಿಂದಲೇ ಎಂಬುದು ಅವರ ನಿಲುವು. ಶೀರ್ಷಿಕೆಯ ಅರ್ಥ ಇಲ್ಲಿದೆ.

ಈ ವಾದ ಯಾರಿಗಾದರೂ ಕುಳಿತಲ್ಲಿ ಹೊಳೆಯುವಂಥದ್ದಲ್ಲ. ಸ್ಮಿತ್ ಅವರ ವೃತ್ತಿಜೀವನ ನಡೆದ ದಾರಿಯೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತು. 1895ರ ಜನವರಿ 2ರಂದು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ ಜನಿಸಿದ ಅವರು ಬಾಲ್ಯ ಕಳೆದದ್ದು ಕ್ರಿಪ್ಪಲ್ ಕ್ರೀಕ್ ಎಂಬ ಚಿನ್ನದ ಗಣಿಯ ಊರಿನಲ್ಲಿ. 1917ರಲ್ಲಿ ಡೆನ್ವರ್ ವಿಶ್ವವಿದ್ಯಾಲಯದಿಂದ ಪದವಿ ಪಡೆದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಸೈನ್ಯ ಸೇರಿದ ಯುವಕ ವಾಷಿಂಗ್ಟನ್ನಿನಲ್ಲಿದ್ದ ರಾಸಾಯನಿಕ ಯುದ್ಧ ಸಂಶೋಧನೆಯ ಕೇಂದ್ರದಲ್ಲಿ ಸಾಸಿವೆ ಅನಿಲದಂಥ ವಿಷಾನಿಲಗಳು ದೇಹದ ಮೇಲೆ ಮಾಡುವ ಪರಿಣಾಮವನ್ನು ಅಭ್ಯಸಿಸುವ ಕೆಲಸಕ್ಕೆ ನಿಯೋಜಿತರಾದರು. ಅಲ್ಲಿ ದೊರೆತ ಹಿರಿಯರು ಇ. ಕೆ. ಮಾರ್ಷಲ್. ಮುಂದೆ ಮೂತ್ರಪಿಂಡದ ಸಂಶೋಧನೆಯಲ್ಲಿ ಮಾರ್ಷಲ್ ಅವರೇ ದೊಡ್ಡ ಹೆಸರಾದರು. ಯುದ್ಧ ಮುಗಿದ ಮೇಲೆ ಸ್ಮಿತ್ 1921ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಡಾಕ್ಟರೇಟ್ ಪಡೆದರು. ಅನಂತರ ಸ್ವಲ್ಪ ಕಾಲ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ದುಡಿದು, ಎರಡು ವರ್ಷ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಅವರ ಬಳಿ ಇದ್ದರು. ದೇಹ ತನ್ನ ಒಳಗಿನ ಸ್ಥಿತಿಯನ್ನು ತಾನೇ ಕಾಪಾಡಿಕೊಳ್ಳುವ ಗುಣಕ್ಕೆ ಹೋಮಿಯೊಸ್ಟೇಸಿಸ್ ಎಂಬ ಹೆಸರಿಟ್ಟವರು ಇದೇ ಕ್ಯಾನನ್. ಬಳಿಕ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, 1928ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಬಂದವರು 1961ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು.

ಹೀಗೆ ಸಾಲಾಗಿ ಬರೆದರೆ ಯಾವ ಪ್ರಾಧ್ಯಾಪಕರ ಪರಿಚಯಪತ್ರವಾದರೂ ಇದೇ ತೆರನಾಗಿ ಕಾಣುತ್ತದೆ. ಸ್ಮಿತ್ ಅವರನ್ನು ಬೇರೆಯಾಗಿಸಿದ್ದು ಅವರ ಬೇಸಿಗೆಗಳು. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ, ಮೌಂಟ್ ಡೆಸರ್ಟ್ ಎಂಬ ದ್ವೀಪದ ಸಾಲ್ಸ್‌ಬರಿ ಕೋವ್ ಎಂಬಲ್ಲಿ ಕಡಲತೀರದ ಜೀವಶಾಸ್ತ್ರ ಪ್ರಯೋಗಾಲಯವೊಂದಿದೆ. ಕಾಲೇಜಿಗೆ ರಜೆ ಬಂದಾಗ ಸ್ಮಿತ್ ಅಲ್ಲಿಗೆ ಹೋಗಿ ಮೀನುಗಳೊಡನೆ ಕೆಲಸ ಮಾಡುತ್ತಿದ್ದರು. ಪುಸ್ತಕದ ಮೊದಲರ್ಧಕ್ಕೆ ಜೀವ ಬಂದಿರುವುದು ಆ ಕಡಲತೀರದ ದುಡಿಮೆಯಿಂದ.

ಕಡಲ ಮೀನಿನ ಕಷ್ಟವನ್ನು ಸ್ಮಿತ್ ವಿವರಿಸುವ ಬಗೆಯನ್ನು ನಾನು ವಿಶೇಷವಾಗಿ ಮೆಚ್ಚಿದೆ. ಸಮುದ್ರದಲ್ಲಿರುವ ಮೂಳೆಮೀನಿನ ರಕ್ತ ಸಮುದ್ರದ ನೀರಿಗಿಂತ ಬಹಳ ಕಡಿಮೆ ಉಪ್ಪಿನದು. ಆದ್ದರಿಂದ ಸುತ್ತಲೂ ನೀರೇ ಇದ್ದರೂ ಅದರ ಮೈಯಿಂದ ನೀರು ಸತತವಾಗಿ ಹೊರಕ್ಕೆ ಸೋರುತ್ತಿರುತ್ತದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಮಾವಿನ ಹೋಳು ನೀರು ಬಿಟ್ಟು ಸುರುಟಿಕೊಳ್ಳುವಂತೆ ಅದೂ ಒಣಗಿ ಹೋಗಬೇಕಾಗಿತ್ತು. ಹೋಗುವುದಿಲ್ಲವೇಕೆ? ಅದು ಸಮುದ್ರದ ನೀರನ್ನು ಕುಡಿಯುತ್ತದೆ ಎಂದು ಸ್ಮಿತ್ 1930ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ಅವರು ಬಳಸಿದ ಉಪಾಯ ಶಾಲೆಯ ಹುಡುಗನಿಗೂ ಅರ್ಥವಾಗುವಷ್ಟು ಸರಳವಾಗಿತ್ತು. ಕರುಳು ಹೀರಿಕೊಳ್ಳದ ಫಿನಾಲ್ ರೆಡ್ ಎಂಬ ಬಣ್ಣವನ್ನು ತೊಟ್ಟಿಯ ನೀರಿಗೆ ಬೆರೆಸಿ, ಸ್ವಲ್ಪ ಕಾಲದ ಮೇಲೆ ಮೀನಿನ ಕರುಳಿನಲ್ಲಿ ಆ ಬಣ್ಣ ಎಷ್ಟು ಸೇರಿದೆ ಎಂದು ನೋಡಿದರು. ನೀರು ಒಳಗೆ ಹೀರಲ್ಪಟ್ಟು ಬಣ್ಣ ಮಾತ್ರ ಉಳಿದುಕೊಂಡದ್ದರಿಂದ ಮೀನು ಕುಡಿದ ನೀರಿನ ಲೆಕ್ಕ ಸಿಕ್ಕಿತು. ನೀರಿನೊಡನೆ ಬಂದ ಹೆಚ್ಚುವರಿ ಉಪ್ಪನ್ನು ಮೂತ್ರಪಿಂಡವಲ್ಲದೆ ಬೇರೆ ಅಂಗ, ಅಂದರೆ ಕಿವಿರು, ಹೊರಹಾಕುತ್ತಿರಬೇಕೆಂಬ ತೀರ್ಮಾನಕ್ಕೂ ದಾರಿಯಾಯಿತು. ಒಂದು ಚಿಟಿಕೆ ಬಣ್ಣದಿಂದ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಿದ ಆ ಬುದ್ಧಿಯನ್ನು ನೆನೆದಾಗ, ಯಂತ್ರವಿಲ್ಲ, ಅನುದಾನವಿಲ್ಲ ಎಂದು ನಾವು ಕೈಕಟ್ಟಿ ಕುಳಿತ ಎಷ್ಟೋ ಮಧ್ಯಾಹ್ನಗಳು ನನಗೆ ನೆನಪಾದವು.

ಅದೇ 1930ರಲ್ಲಿ ಮಾರ್ಷಲ್ ಮತ್ತು ಸ್ಮಿತ್ ಜೊತೆಯಾಗಿ ಬರೆದ ಪ್ರಬಂಧದ ವಿಚಾರವೇ ಈ ಪುಸ್ತಕದ ಬೆನ್ನೆಲುಬು. ಮೂತ್ರಪಿಂಡದ ಸಣ್ಣ ಘಟಕಕ್ಕೆ ನೆಫ್ರಾನ್ ಎನ್ನುತ್ತೇವೆ. ಅದರ ತಲೆಯಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಉಂಡೆಯಿದ್ದು, ಅಲ್ಲಿ ರಕ್ತದ ನೀರಿನಂಶ ಸೋಸಲ್ಪಟ್ಟು ಉದ್ದನೆಯ ನಾಳಕ್ಕೆ ಇಳಿಯುತ್ತದೆ; ನಾಳದ ಗೋಡೆ ಬೇಕಾದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತದೆ. ಹಬ್ಬದ ಮುನ್ನ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಒಂದೊಂದನ್ನೇ ನೋಡಿ ಬೇಕಾದದ್ದನ್ನು ಒಳಗೆ ತರುವ ಕ್ರಮ ಇದು. ಬೇಡವಾದದ್ದನ್ನಷ್ಟೇ ಎತ್ತಿ ಎಸೆಯುವ ಸುಲಭದ ದಾರಿಯಿರುವಾಗ ಪ್ರಕೃತಿ ಈ ಸುತ್ತುಬಳಸನ್ನು ಏಕೆ ಹಿಡಿಯಿತು ಎಂಬ ಪ್ರಶ್ನೆಗೆ ಅವರಿಬ್ಬರ ಉತ್ತರ ಹೀಗಿದೆ: ಬೆನ್ನೆಲುಬಿನ ಪ್ರಾಣಿಗಳ ಪೂರ್ವಜರು ಸಿಹಿನೀರಿನಲ್ಲಿ ಬಾಳಿದವರು, ಮೈಯೊಳಗೆ ನುಗ್ಗುತ್ತಿದ್ದ ನೀರನ್ನು ಹೊರಹಾಕಲು ಅವರಿಗೆ ಪಂಪ್ ಬೇಕಾಗಿತ್ತು, ಗ್ಲೊಮೆರುಲಸ್ ಹುಟ್ಟಿದ್ದು ಆ ಪಂಪ್ ಆಗಿ. ಸಮುದ್ರಕ್ಕೆ ಮರಳಿದ ಮೀನುಗಳಿಗೆ ನೀರು ಹೊರಹಾಕುವ ಅಗತ್ಯ ಇಲ್ಲದಾದುದರಿಂದ ಅವುಗಳ ಗ್ಲೊಮೆರುಲಸ್ ಸಣ್ಣದಾಯಿತು, ಟೋಡ್‌ಫಿಶ್‌ನಂಥ ಕೆಲವು ಮೀನುಗಳಲ್ಲಿ ಸಂಪೂರ್ಣ ಇಲ್ಲವಾಯಿತು. ನೆಲಕ್ಕೆ ಬಂದ ಪ್ರಾಣಿಗಳು ಈ ಹಳೆಯ ಪಂಪನ್ನು ಎಸೆಯಲಾಗದೆ, ಸೋಸಿದ ನೀರನ್ನು ಉಳಿಸಿಕೊಳ್ಳುವ ಹೊಸ ಹೊಸ ಉಪಾಯಗಳನ್ನು ಕಂಡುಕೊಂಡವು. ಪುಸ್ತಕದ ರೇಖಾಚಿತ್ರಗಳಲ್ಲಿ ಒಂದೊಂದು ಪ್ರಾಣಿವರ್ಗದ ನೆಫ್ರಾನ್ ಅಕ್ಕಪಕ್ಕ ನಿಂತಿರುವುದನ್ನು ನೋಡಿದರೆ, ನನ್ನ ತರಗತಿಯಲ್ಲಿ ಮನುಷ್ಯನ ನೆಫ್ರಾನ್ ಒಂದನ್ನೇ ಬರೆದು ಭಾಗಗಳನ್ನು ಗುರುತಿಸಿರೆಂದು ಹೇಳುತ್ತಿದ್ದುದು ಎಷ್ಟು ಬಡ ಪಾಠವಾಗಿತ್ತೆಂದು ಅರಿವಾಗುತ್ತದೆ.

ಶ್ವಾಸಕೋಶದ ಮೀನಿನ ಭಾಗ ಪುಸ್ತಕದ ಹೃದಯ. 1928ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ದೊರೆತಾಗ ಸ್ಮಿತ್ ಪೂರ್ವ ಆಫ್ರಿಕಕ್ಕೆ, ವಿಕ್ಟೋರಿಯಾ ಸರೋವರದ ಕಡೆಗೆ ಹೋದರು. ಅಲ್ಲಿನ ಪ್ರೊಟಾಪ್ಟರಸ್ ಎಂಬ ಮೀನಿಗೆ ಸ್ಥಳೀಯರು ಕಮಾಂಗೊ ಎನ್ನುತ್ತಾರೆ. ನೀರು ಬತ್ತತೊಡಗಿದಾಗ ಅದು ಕೆಸರನ್ನು ಕೊರೆದು ಕೆಳಗಿಳಿದು, ಮೈಯನ್ನು ಮಡಚಿ, ತನ್ನ ಲೋಳೆ ಒಣಗಿ ಆದ ಚೀಲದೊಳಗೆ ಮುಂದಿನ ಮಳೆಯವರೆಗೆ ಮಲಗಿಬಿಡುತ್ತದೆ. ಆಗ ಅದು ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಮೂತ್ರ ಮಾಡುವುದೂ ಇಲ್ಲ. ತನ್ನ ಮಾಂಸವನ್ನೇ ನಿಧಾನವಾಗಿ ಉರಿಸಿ ಬದುಕುವಾಗ ಹುಟ್ಟುವ ತ್ಯಾಜ್ಯ ಎಲ್ಲಿ ಹೋಗುತ್ತದೆ? ನೀರಿನಲ್ಲಿದ್ದಾಗ ಹೆಚ್ಚಾಗಿ ಅಮೋನಿಯವನ್ನು ಹೊರಬಿಡುವ ಈ ಮೀನು, ಮಣ್ಣಿನಲ್ಲಿ ಮಲಗಿದಾಗ ಅಷ್ಟು ವಿಷವಲ್ಲದ ಯೂರಿಯಾವನ್ನು ತಯಾರಿಸಿ ದೇಹದಲ್ಲೇ ಕೂಡಿಡುತ್ತದೆ, ಮಳೆ ಬಂದು ಎಚ್ಚರವಾದಾಗ ಅದನ್ನೆಲ್ಲ ಹೊರಚೆಲ್ಲುತ್ತದೆ. ನೀರಿನ ಪ್ರಾಣಿ ನೆಲದ ಪ್ರಾಣಿಯಾಗುವಾಗ ಎದುರಿಸಿದ ಮೊದಲ ಸಂಕಟವನ್ನು ಒಂದು ಜೀವಂತ ಮೀನು ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಎದುರಿಸುತ್ತಿರುವುದನ್ನು ಸ್ಮಿತ್ ಅಲ್ಲಿ ಕಂಡರು. ಆ ಅನುಭವ ಅವರನ್ನು ಎಷ್ಟು ಹಿಡಿದಿತ್ತೆಂದರೆ, ಸಂಶೋಧನಾ ಪ್ರಬಂಧ ಬರೆದು ತೃಪ್ತರಾಗದೆ 1932ರಲ್ಲಿ 'ಕಮಾಂಗೊ' ಎಂಬ ಹೆಸರಿನಲ್ಲೇ ಕಥನರೂಪದ ಪುಸ್ತಕವೊಂದನ್ನು ಬರೆದರು. ಹಡಗಿನಲ್ಲಿ ಒಬ್ಬ ವಿಜ್ಞಾನಿ ಮತ್ತು ಒಬ್ಬ ಪಾದ್ರಿ ನಡೆಸುವ ಸಂವಾದ ಅದರ ವಸ್ತು. ನಾವು ಈಗ ಓದುತ್ತಿರುವ ಪುಸ್ತಕದಲ್ಲಿ ಅದೇ ಮೀನು ಇಪ್ಪತ್ತು ವರ್ಷಗಳ ಬಳಿಕ ಮತ್ತೆ ಬಂದಿದೆ, ಹೆಚ್ಚು ಪಳಗಿದ ಬರಹಗಾರನ ಕೈಯಲ್ಲಿ.

ಆದರೆ ಸ್ಮಿತ್ ಅವರ ಹೆಸರು ವೈದ್ಯಲೋಕದಲ್ಲಿ ಉಳಿದಿರುವುದು ಮೀನುಗಳಿಂದಲ್ಲ, ಅಳತೆಯಿಂದ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂದು ನಮ್ಮ ತಾಲೂಕು ಊರುಗಳ ಲ್ಯಾಬಿನಲ್ಲಿ ಕೂಡ ಕಿಡ್ನಿ ಪರೀಕ್ಷೆಯ ರಿಪೋರ್ಟಿನಲ್ಲಿ ಅಚ್ಚಾಗುವ ಜಿಎಫ್‌ಆರ್ (ಗ್ಲೊಮೆರುಲಸ್‌ನಲ್ಲಿ ಸೋಸುವಿಕೆಯ ವೇಗ) ಎಂಬ ಮೂರಕ್ಷರಗಳ ಹಿಂದೆ ಅವರ ತಂಡದ ದುಡಿಮೆ ಇದೆ. ಗ್ಲೊಮೆರುಲಸ್‌ನಲ್ಲಿ ಸೋಸುವಿಕೆ ನಡೆಯುತ್ತದೆಂದು 1840ರ ದಶಕದಲ್ಲಿಯೇ ಜರ್ಮನಿಯ ಕಾರ್ಲ್ ಲುಡ್ವಿಗ್ ಹೇಳಿದ್ದರು. ಪೆನ್ಸಿಲ್ವೇನಿಯಾದಲ್ಲಿ ರಿಚರ್ಡ್ಸ್ ಮತ್ತು ವರ್ನ್ 1924ರಲ್ಲಿ ಕೂದಲಿಗಿಂತ ಸಣ್ಣ ಗಾಜಿನ ನಳಿಕೆಯನ್ನು ಕಪ್ಪೆಯ ಗ್ಲೊಮೆರುಲಸ್‌ಗೆ ಚುಚ್ಚಿ, ಸೋಸಿದ ದ್ರವವನ್ನು ಕೈಯಾರೆ ಹೊರತೆಗೆದು ತೋರಿಸಿದ್ದರು. ಜೀವಂತ ಮನುಷ್ಯನ ಮೂತ್ರಪಿಂಡವನ್ನಾದರೋ ಚುಚ್ಚುವಂತಿಲ್ಲ. ಹಾಗಾದರೆ ಅದು ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂದು ಹೊರಗಿನಿಂದ ಅಳೆಯುವುದು ಹೇಗೆ?

ತರಗತಿಯಲ್ಲಿ ನಾನು ಇದನ್ನು ಹೀಗೆ ಹೇಳುತ್ತಿದ್ದೆ. ರಕ್ತದಲ್ಲಿ ಒಂದು ಪದಾರ್ಥವಿದೆ ಎಂದುಕೊಳ್ಳಿ. ಅದು ಗ್ಲೊಮೆರುಲಸ್‌ನಲ್ಲಿ ನೀರಿನಂತೆಯೇ ತಡೆಯಿಲ್ಲದೆ ಸೋಸಿ ಹೋಗುತ್ತದೆ. ನಾಳದ ಗೋಡೆ ಅದನ್ನು ಮರಳಿ ಹೀರುವುದೂ ಇಲ್ಲ, ತನ್ನ ಕಡೆಯಿಂದ ಸೇರಿಸುವುದೂ ಇಲ್ಲ. ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟ ದ್ರವಭಾಗದಲ್ಲಿ, ಒಂದು ಮಿಲಿಲೀಟರಿಗೆ ಅದು ಒಂದು ಮಿಲಿಗ್ರಾಂ ಇದ್ದು, ಒಂದು ನಿಮಿಷದಲ್ಲಿ ಮೂತ್ರಕ್ಕೆ 125 ಮಿಲಿಗ್ರಾಂ ಬಂದಿದ್ದರೆ, ಆ ನಿಮಿಷದಲ್ಲಿ 125 ಮಿಲಿಲೀಟರ್ ಪ್ಲಾಸ್ಮಾ ಸೋಸಲ್ಪಟ್ಟಿದೆ ಎನ್ನಲೇಬೇಕು. ಇದಕ್ಕೆ ಕ್ಲಿಯರೆನ್ಸ್ ಎಂದು ಹೆಸರು. ಹೆಸರು ಸ್ಮಿತ್ ಅವರು ಇಟ್ಟದ್ದಲ್ಲ. 1920ರ ದಶಕದ ಕೊನೆಯಲ್ಲಿ ವ್ಯಾನ್ ಸ್ಲೈಕ್ ಮತ್ತು ಅವರ ಸಹೋದ್ಯೋಗಿಗಳು ಯೂರಿಯಾವನ್ನು ಕುರಿತು ಅದನ್ನು ಬಳಸಿದ್ದರು. ಯೂರಿಯಾದ ತೊಂದರೆಯೆಂದರೆ ನಾಳ ಅದರ ಒಂದು ಪಾಲನ್ನು ಮರಳಿ ಹೀರುತ್ತದೆ. ಎರಡೂ ದೋಷಗಳಿಲ್ಲದ ಪದಾರ್ಥ ಬೇಕಾಗಿತ್ತು. ಅದು ಸಿಕ್ಕಿದ್ದು ಇನುಲಿನ್ ರೂಪದಲ್ಲಿ. 1930ರ ದಶಕದ ನಡುವೆ ಸ್ಮಿತ್ ಅವರ ತಂಡ ಮತ್ತು ರಿಚರ್ಡ್ಸ್ ಅವರ ತಂಡ ಒಂದನ್ನೊಂದು ಅವಲಂಬಿಸದೆ ಹೆಚ್ಚುಕಡಿಮೆ ಒಂದೇ ವೇಳೆಗೆ ಅದನ್ನು ಕಂಡುಕೊಂಡವು.

ಇನುಲಿನ್ ಮತ್ತು ಇನ್ಸುಲಿನ್ ಒಂದೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡ ವಿದ್ಯಾರ್ಥಿಗಳು ನನ್ನ ನೆನಪಿನಲ್ಲಿ ಬಹಳ ಮಂದಿ ಇದ್ದಾರೆ. ಇನುಲಿನ್ ಸಸ್ಯದಿಂದ ಬರುವ ಪಿಷ್ಟದಂಥ ವಸ್ತು. ಡೇಲಿಯಾ ಗೆಡ್ಡೆಯಲ್ಲಿ ಅದು ಹೇರಳವಾಗಿರುತ್ತದೆ. ಇದನ್ನು ಪುಸ್ತಕದಲ್ಲಿ ಓದುತ್ತಿದ್ದಾಗ ಸಾಗರ ಊರಿನ ನಮ್ಮ ಮನೆಯ ಅಂಗಳ ಕಣ್ಣೆದುರು ಬಂತು. ನಮ್ಮ ಅಮ್ಮ ಹೂವಿನ ಕಾಲ ಮುಗಿದ ಮೇಲೆ ಡೇಲಿಯಾ ಗೆಡ್ಡೆಗಳನ್ನು ಅಗೆದು, ಮಣ್ಣು ಒರೆಸಿ, ಬೂದಿ ಸೇರಿಸಿದ ಮರಳಿನಲ್ಲಿ ಅಟ್ಟದ ಮೇಲಿಡುತ್ತಿದ್ದರು; ಮಳೆಗಾಲ ಹತ್ತಿರವಾದಾಗ ಕಡುಗೆಂಪಿನದು ಯಾವುದು, ಬಿಳಿಯದು ಯಾವುದು ಎಂದು ನೆನಪಿನಿಂದಲೇ ಹೇಳಿ ನೆರೆಮನೆಯವರಿಗೆ ಹಂಚುತ್ತಿದ್ದರು. ಮಲೆನಾಡಿನ ಹೆಂಗಸರು ಕೈಯಿಂದ ಕೈಗೆ ದಾಟಿಸುವ ಅಂಥದೇ ಗೆಡ್ಡೆಯ ಒಳಗಿನ ಬಿಳಿ ಪುಡಿಯನ್ನು ನ್ಯೂಯಾರ್ಕಿನಲ್ಲಿ ಮನುಷ್ಯರ ರಕ್ತನಾಳಕ್ಕೆ ಹರಿಸಿ, ಮೂತ್ರಪಿಂಡದ ದುಡಿಮೆಯನ್ನು ಮೊದಲ ಬಾರಿಗೆ ನೆಚ್ಚಬಹುದಾದ ಅಂಕಿಯಲ್ಲಿ ಹಿಡಿದರು ಎಂಬುದು ನನಗೆ ಬಹಳ ಹತ್ತಿರದ ಸಂಗತಿಯಾಗಿ ಕಂಡಿತು.

ಆ ಅಂಕಿಗಳನ್ನು ಎಷ್ಟು ಸಲ ಹೇಳಿದರೂ ಬೆರಗು ಕಡಿಮೆಯಾಗುವುದಿಲ್ಲ. ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಎಂದರೆ ದಿನಕ್ಕೆ ಸುಮಾರು 180 ಲೀಟರ್. ದೇಹದಲ್ಲಿರುವ ಪ್ಲಾಸ್ಮಾ ಸುಮಾರು 3 ಲೀಟರ್; ಅಂದರೆ ಅದೇ ಪ್ಲಾಸ್ಮಾ ದಿನಕ್ಕೆ 60 ಸಲ ಸೋಸಲ್ಪಡುತ್ತದೆ. ಕೊನೆಗೆ ಹೊರಬರುವ ಮೂತ್ರ ಒಂದೂವರೆ ಲೀಟರ್ ಮಾತ್ರ. ಉಳಿದ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನಾಳಗಳು ಮರಳಿ ಒಳಗೆ ತಂದಿರುತ್ತವೆ. ಮುಂದೆ ಪಿಎಎಚ್ ಎಂಬ ಇನ್ನೊಂದು ರಾಸಾಯನಿಕದಿಂದ, ಅದು ಒಂದೇ ಸುತ್ತಿನಲ್ಲಿ ರಕ್ತದಿಂದ ಬಹುಪಾಲು ತೆಗೆದುಹಾಕಲ್ಪಡುವುದರಿಂದ, ಮೂತ್ರಪಿಂಡಗಳ ಮೂಲಕ ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ರಕ್ತ ಹರಿಯುತ್ತದೆ ಎಂಬುದನ್ನೂ ಅವರು ಅಳೆದರು. ಮುಷ್ಟಿಯಷ್ಟು ಗಾತ್ರದ ಎರಡು ಅಂಗಗಳಿಗೆ ಹೃದಯ ತಾನು ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲನ್ನು ಕೊಡುತ್ತದೆ.

ಈ ಅಳತೆಗಳಲ್ಲಿ ಸ್ಮಿತ್ ಅವರ ಜೊತೆಗಿದ್ದ ಜೇಮ್ಸ್ ಶಾನನ್ ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿ 1955ರಿಂದ 1968ರವರೆಗೆ ಅವುಗಳನ್ನು ಬೆಳೆಸಿದರು. ಗೋಲ್ಡ್ರಿಂಗ್ ಮತ್ತು ಚೇಸಿಸ್ ಎಂಬ ಇಬ್ಬರು ವೈದ್ಯರೊಡನೆ ಸ್ಮಿತ್ ರಕ್ತದೊತ್ತಡದ ರೋಗಿಗಳ ಮೂತ್ರಪಿಂಡಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಇಲ್ಲಿ ಅವರ ಸ್ವಭಾವದ ಒಂದು ಗುಣ ಹೇಳಬೇಕು. ರಕ್ತದೊತ್ತಡ ಹೆಚ್ಚಿದ್ದು ಒಂದು ಮೂತ್ರಪಿಂಡದಲ್ಲಿ ದೋಷ ಕಂಡರೆ ಅದನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ ಆ ಕಾಲದಲ್ಲಿ ಬಳಕೆಗೆ ಬಂದಿತ್ತು. ಸ್ಮಿತ್ ಪ್ರಕಟವಾದ ನೂರಾರು ಪ್ರಕರಣಗಳನ್ನು ಒಟ್ಟುಗೂಡಿಸಿ, ಹೀಗೆ ಮೂತ್ರಪಿಂಡ ಕಳೆದುಕೊಂಡವರಲ್ಲಿ ಸುಮಾರು ಕಾಲು ಭಾಗದವರಿಗೆ ಮಾತ್ರ ರಕ್ತದೊತ್ತಡ ಇಳಿದಿದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅವರು ವೈದ್ಯರಾಗಿರಲಿಲ್ಲ. ಆದರೂ ವೈದ್ಯರ ಕತ್ತಿಗೆ ಅಡ್ಡ ನಿಂತು ಲೆಕ್ಕ ಕೇಳಿದರು. ನನ್ನ ದೃಷ್ಟಿಯಲ್ಲಿ ಇದು ಇನುಲಿನ್‌ಗಿಂತ ಕಡಿಮೆಯ ಸಾಧನೆಯಲ್ಲ.

ಇನ್ನು ಪುಸ್ತಕದ ಕೊರತೆಗಳು. ಎಪ್ಪತ್ತು ವರ್ಷ ದಾಟಿದ ವಿಜ್ಞಾನಕೃತಿಯನ್ನು ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ಬೆನ್ನೆಲುಬಿನ ಪ್ರಾಣಿಗಳು ಸಿಹಿನೀರಿನಲ್ಲಿ ಹುಟ್ಟಿದವೆಂಬ ಅಡಿಪಾಯ ಇಂದು ನಿಲ್ಲುವುದು ಕಷ್ಟ. ಅವು ಸಮುದ್ರದಲ್ಲಿಯೇ ಹುಟ್ಟಿದವೆಂಬುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತು. ಹ್ಯಾಗ್‌ಫಿಶ್ ಎಂಬ ಪ್ರಾಚೀನ ಬಗೆಯ ಕಡಲಜೀವಿಯ ರಕ್ತ ಸಮುದ್ರದ ನೀರಿನಷ್ಟೇ ಸಾರವುಳ್ಳದ್ದು, ಅದಕ್ಕೆ ನೀರು ಹೊರಹಾಕುವ ಪಂಪ್ ಬೇಕಿಲ್ಲ. ಆದರೂ ಅದಕ್ಕೆ ಗ್ಲೊಮೆರುಲಸ್ ಇದೆ. ಇದೊಂದೇ ಸಂಗತಿ ಸ್ಮಿತ್ ಅವರ ವಾದಕ್ಕೆ ದೊಡ್ಡ ಪೆಟ್ಟು. ಎರಡನೆಯದು, ಸಸ್ತನಿಗಳ ಮೂತ್ರಪಿಂಡ ರಕ್ತಕ್ಕಿಂತ ಗಟ್ಟಿಯಾದ ಮೂತ್ರವನ್ನು ಹೇಗೆ ತಯಾರಿಸುತ್ತದೆ ಎಂಬ ಪ್ರಶ್ನೆ. ನಾಳವು ಹೆನ್ಲೆ ಬಳಸು ಎಂಬಲ್ಲಿ ಕೆಳಗಿಳಿದು ಮತ್ತೆ ಮೇಲೇರುವಾಗ, ಎದುರುಬದುರಾಗಿ ಹರಿಯುವ ಎರಡು ಹೊಳೆಗಳ ನಡುವೆ ಉಪ್ಪು ಹಂತಹಂತವಾಗಿ ಕೂಡಿಕೊಳ್ಳುತ್ತದೆ ಎಂಬ ವಿವರಣೆ ಯುರೋಪಿನಲ್ಲಿ 1950ರ ಆಸುಪಾಸಿನಲ್ಲಿ ರೂಪುಗೊಂಡಿತ್ತು. ಸ್ಮಿತ್ ಮೊದಲು ಅದನ್ನು ನಂಬಲಿಲ್ಲ. 1959ರಲ್ಲಿ ಗಾಟ್‌ಶಾಕ್ ಮತ್ತು ಮಿಲ್ ನೇರವಾಗಿ ನಾಳಗಳಿಂದ ದ್ರವ ತೆಗೆದು ಅದಕ್ಕೆ ಪುರಾವೆ ಕೊಟ್ಟರು. ಅಷ್ಟರ ವೇಳೆಗೆ ಸ್ಮಿತ್ ಕೂಡ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಆದ್ದರಿಂದ ಮರುಭೂಮಿಯ ಕಾಂಗರೂ ಇಲಿಯ ವಿವರ ಓದುವಾಗ ಎಚ್ಚರ ಬೇಕು. ಒಣ ಕಾಳು ತಿಂದು, ಒಂದು ಹನಿ ನೀರು ಕುಡಿಯದೆ, ಆಹಾರ ಅರಗಿದಾಗ ದೇಹದೊಳಗೆ ಹುಟ್ಟುವ ನೀರಿನಿಂದಲೇ ಬಾಳುವ ಆ ಪುಟ್ಟ ಪ್ರಾಣಿಯ ವರ್ತನೆ ನಿಜ. ಅದರ ಮೂತ್ರ ಅಷ್ಟು ಗಟ್ಟಿಯಾಗುವುದು ಹೇಗೆಂಬುದಕ್ಕೆ ಮಾತ್ರ ಇಂದಿನ ಪಠ್ಯವನ್ನೇ ನೋಡಬೇಕು.

ಕೊನೆಯ ಭಾಗದಲ್ಲಿ ಸ್ಮಿತ್ ಪ್ರಜ್ಞೆ ಎಂದರೇನು ಎಂಬ ಚರ್ಚೆಗೆ ಇಳಿಯುತ್ತಾರೆ. ನನಗೆ ಇದು ಅಷ್ಟು ರುಚಿಸಲಿಲ್ಲ. ಮೀನು, ಕಪ್ಪೆ, ಹಾವು, ಇಲಿಗಳ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಪುರಾವೆ ಕೊಡುತ್ತ ಬಂದ ಲೇಖಕರು ಇಲ್ಲಿ ಅವಸರದಲ್ಲಿದ್ದಾರೆ ಎನಿಸಿತು. ಧರ್ಮ ಮತ್ತು ನಂಬಿಕೆಗಳ ಇತಿಹಾಸವನ್ನು ಕುರಿತು ಅವರು 1952ರಲ್ಲಿ ಬರೆದ ಬೇರೊಂದು ಪುಸ್ತಕಕ್ಕೆ ಆಲ್ಬರ್ಟ್ ಐನ್‌ಸ್ಟೈನ್ ಮುನ್ನುಡಿ ಬರೆದಿದ್ದರು. ತತ್ತ್ವಚಿಂತನೆಯಲ್ಲಿ ಅವರಿಗಿದ್ದ ಆಸಕ್ತಿ ಹಗುರವಾದದ್ದಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಆದರೂ ಈ ಪುಸ್ತಕದಲ್ಲಿ ಆ ಭಾಗ ಉಳಿದುದರ ಜೊತೆ ಬೆಸೆದುಕೊಂಡಿಲ್ಲ.

ಭಾಷೆಯ ಬಗ್ಗೆ ಹೇಳುವುದಾದರೆ, ಇಂಗ್ಲಿಷ್ ಗಂಭೀರವಾಗಿದೆ, ವಾಕ್ಯಗಳು ಉದ್ದ, ಭೂವಿಜ್ಞಾನದ ಯುಗಗಳ ಹೆಸರುಗಳು ಮೊದಮೊದಲು ತಡೆಯುತ್ತವೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ತಾಳ್ಮೆಯಿದ್ದರೆ ದಕ್ಕುತ್ತದೆ. ಮೊದಲ ಸಲ ಓದುವವರು ಶ್ವಾಸಕೋಶದ ಮೀನಿನ ಭಾಗದಿಂದ ಆರಂಭಿಸಿ, ಅನಂತರ ಹಿಂದಕ್ಕೆ ಬಂದು ಮೊದಲ ಅಧ್ಯಾಯ ಓದುವುದು ಒಳ್ಳೆಯದು. ನಾನು ಎರಡನೆಯ ಓದಿನಲ್ಲಿ ಹಾಗೆ ಮಾಡಿದೆ, ಎಲ್ಲವೂ ತಿಳಿಯಾಯಿತು. ಮೂತ್ರಪಿಂಡದ ಶರೀರಕ್ರಿಯೆಯನ್ನು ವೃತ್ತಿಗಾಗಿ ಕಲಿಯಬೇಕಾದವರಿಗೆ ಸ್ಮಿತ್ ಅವರೇ 1951ರಲ್ಲಿ ಬರೆದ 'ದಿ ಕಿಡ್ನಿ' ಎಂಬ ಬೃಹತ್ ಗ್ರಂಥವಿದೆ, ಆದರೆ ಅದು ಗ್ರಂಥಾಲಯದಲ್ಲಿ ಕುಳಿತು ನೋಡಬೇಕಾದದ್ದು. ಮನೆಯಲ್ಲಿ ಇಟ್ಟುಕೊಳ್ಳಲು ಇದೇ ಸರಿ. ಹಳೆಯ ಪ್ರತಿ ಕೊಳ್ಳುವಾಗ ಬೆನ್ನನ್ನು ಮೆಲ್ಲಗೆ ಬಿಡಿಸಿ ನೋಡಿ. ನನ್ನ ಪ್ರತಿಯಲ್ಲಿ ನಾಲ್ಕು ಹಾಳೆಗಳು ಓದುತ್ತಿರುವಾಗಲೇ ಕಿತ್ತು ಬಂದವು, ಮೈದಾಹಿಟ್ಟಿನ ಅಂಟಿನಿಂದ ಕೂರಿಸಿದ್ದೇನೆ.

ಸ್ಮಿತ್ 1962ರ ಮಾರ್ಚ್ 25ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ನಿವೃತ್ತರಾಗಿ ಒಂದು ವರ್ಷವಾಗಿತ್ತು. ಅಮೆರಿಕದ ಮೂತ್ರಪಿಂಡ ತಜ್ಞರ ಸಂಘ ಈಗಲೂ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ನನ್ನ ಪ್ರತಿ ಈಗ ತಂಗಿಯ ಮಗಳ ಬಳಿ ಇದೆ. ಅವಳು ಜಿಲ್ಲಾಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ ಟೆಕ್ನಿಷಿಯನ್. ಬೆಳಗಿನಿಂದ ಸಂಜೆಯವರೆಗೆ ಯೂರಿಯಾ, ಕ್ರಿಯಾಟಿನಿನ್ ಅಂಕಿಗಳ ನಡುವೆ ಇರುವವಳು. ರಕ್ತದಲ್ಲಿ ನೂರು ಮಿಲಿಲೀಟರಿಗೆ ಯೂರಿಯಾ ನಲವತ್ತು ಮಿಲಿಗ್ರಾಂ ದಾಟಿದರೆ ಹುಬ್ಬು ಗಂಟಿಕ್ಕುವುದು, ಇನ್ನೂರು ದಾಟಿದ ರೋಗಿ ಬಂದರೆ ಓಡಾಡುವುದು ಅವಳ ನಿತ್ಯದ ಕೆಲಸ. ಮೊನ್ನೆ ರಾತ್ರಿ ಪಾಳಿ ಮುಗಿಸಿ ಫೋನ್ ಮಾಡಿದಳು. "ದೊಡ್ಡಮ್ಮ, ಶಾರ್ಕ್ ಮೀನಿನದು ಓದ್ತಾ ಇದ್ದೆ. ಲೆಕ್ಕ ಹಾಕಿ ನೋಡಿದರೆ ಅದರ ರಕ್ತದಲ್ಲಿ ಯೂರಿಯಾ ಎರಡು ಸಾವಿರ ಬರುತ್ತೆ. ನಾನೇ ತಪ್ಪು ಮಾಡಿದೆನಾ?" ಎಂದು ಕೇಳಿದಳು. ತಪ್ಪಿಲ್ಲ ಎಂದೆ. ಶಾರ್ಕ್ ಯೂರಿಯಾವನ್ನು ಹೊರಹಾಕಲಾಗದೆ ಉಳಿಸಿಕೊಂಡದ್ದಲ್ಲ. ಅದರ ಮೂತ್ರಪಿಂಡವೇ ಯೂರಿಯಾವನ್ನು ಹಿಡಿದು ಮರಳಿ ರಕ್ತಕ್ಕೆ ಸೇರಿಸುತ್ತದೆ, ಅದರಿಂದ ರಕ್ತದ ಸಾರ ಸಮುದ್ರದ ನೀರಿಗೆ ಸಮವಾಗಿ, ನೀರು ಮೈಯಿಂದ ಹೊರಗೆ ಸೋರುವುದು ನಿಲ್ಲುತ್ತದೆ ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಇಲ್ಲಿ ನಾಲ್ಕು ಗಂಟೆ ಮಿಷನ್ ಹಾಕಿ ತೆಗೆಯೋದನ್ನು ಅದು ಬೇಕು ಅಂತ ಇಟ್ಕೊಂಡಿದೆಯಲ್ಲ ದೊಡ್ಡಮ್ಮ" ಎಂದು, ಮುಂದಿನ ಅಧ್ಯಾಯವನ್ನು ಓದಿದ ಮೇಲೆ ಮತ್ತೆ ಕರೆ ಮಾಡುತ್ತೇನೆಂದು ಫೋನ್ ಇಟ್ಟಳು.